ಆರು ತಿಂಗಳ ಮಗುವಿಗೆ ಮೊದಲ ಊಟ: ರಾಗಿ ಮಣ್ಣಿ, ಗಂಜಿ, ಬಾಳೆಕಾಯಿ ಹುಡಿ, ಕೂವೆ, ಡಬ್ಬಿ, ಇವುಗಳಲ್ಲಿ ಯಾವುದು?

ಮಗುವಿಗೆ ಆರು ತಿಂಗಳು ತುಂಬುವ ಮೊದಲೇ ಮನೆಯಲ್ಲಿ ಮಾತು ಶುರುವಾಗುತ್ತದೆ. ಅತ್ತೆಗೆ ರಾಗಿ ಮಣ್ಣಿಯೇ ಆಗಬೇಕು. ಅಮ್ಮ ವಿಟ್ಲದಿಂದ ಬಾಳೆಕಾಯಿ ಹುಡಿ ಕಳಿಸುತ್ತಾರೆ. ಪಕ್ಕದ ಮನೆಯ ಅಕ್ಕ ಕೂವೆ ಗೆಡ್ಡೆಯ ಹುಡಿಯ ಕಟ್ಟು ಹಿಡಿದುಕೊಂಡು ಬರುತ್ತಾರೆ. ಮೆಡಿಕಲ್‌ಗೆ ಹೋದರೆ ಕಪಾಟು ತುಂಬ ಶಿಶು ಆಹಾರದ ಡಬ್ಬಿಗಳು. ಎಲ್ಲರೂ ಪ್ರೀತಿಯಿಂದಲೇ ಹೇಳುವುದು, ಆದರೆ ಅಡಿಗೆಮನೆಯಲ್ಲಿ ನಿಂತವಳಿಗೆ ತಲೆ ತಿರುಗುತ್ತದೆ.

ನನಗೆ ಇಬ್ಬರು ಮಕ್ಕಳು. ದೊಡ್ಡವನಿಗೆ 5 ವರ್ಷ, ಸಣ್ಣವಳಿಗೆ 14 ತಿಂಗಳು. ಮನೆ ಕಾಪುವಿನಲ್ಲಿ, ಕೆಲಸ ಮಂಗಳೂರಿನಲ್ಲಿ. ಇಬ್ಬರಿಗೂ ಸೇರಿಸಿ ಮೇಲೆ ಹೇಳಿದ ಎಲ್ಲವನ್ನೂ ಮಾಡಿ ನೋಡಿದ್ದೇನೆ. ಯಾವುದರಿಂದ ಏನು ಸಿಗುತ್ತದೆ, ಯಾವುದು ಯಾವ ಹೊತ್ತಿಗೆ ಸರಿ ಎಂದು ಇಲ್ಲಿ ಬರೆಯುತ್ತೇನೆ. ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ರಾಗಿಯೋ ಅಕ್ಕಿಯೋ ಎನ್ನುವುದಕ್ಕಿಂತ ಅದು ಎಷ್ಟು ಗಟ್ಟಿ ಉಂಟು, ಅದರ ಜೊತೆ ಏನು ಸೇರಿಸಿದ್ದೀರಿ ಎನ್ನುವುದೇ ದೊಡ್ಡದು.

ಇದು ನನಗೆ ಗೊತ್ತಾದದ್ದು ದೊಡ್ಡವನ ಹೊತ್ತಿಗೆ. 7 ತಿಂಗಳಿಂದ 9 ತಿಂಗಳವರೆಗೆ ಅವನ ತೂಕ ಏರಲೇ ಇಲ್ಲ. ದಿನಕ್ಕೆ ಮೂರು ಸಲ ಕೊಡುತ್ತಿದ್ದೆವು, ಹೊಟ್ಟೆ ತುಂಬ ಕೊಡುತ್ತಿದ್ದೆವು. ಕೊಡುತ್ತಿದ್ದದ್ದು ಗಂಜಿ ತಿಳಿ ಮತ್ತು ನೀರು ನೀರಾದ ರಾಗಿ. ಗಟ್ಟಿ ಕೊಟ್ಟರೆ ಗಂಟಲಲ್ಲಿ ಸಿಕ್ಕೀತು, ಜೀರ್ಣ ಆಗಲಿಕ್ಕಿಲ್ಲ ಎಂಬ ಹೆದರಿಕೆ. ಅಂಗನವಾಡಿ ಟೀಚರ್ ತಾಯಿ ಕಾರ್ಡಿನಲ್ಲಿ ಚುಕ್ಕಿ ಇಟ್ಟು ಗೆರೆ ಎಳೆದರು. ಗೆರೆ ಮಲಗಿತ್ತು. ಅವರು ಬೈಯಲಿಲ್ಲ. ಮಗುವಿಗೆ ತಂದ ಡಬ್ಬಿಯ ಮುಚ್ಚಳ ತೆಗೆದು, ಒಂದು ಚಮಚ ತೆಗೆದು ಓರೆ ಮಾಡಿ ತೋರಿಸಿದರು. ರಾಗಿ ನೀರಿನ ಹಾಗೆ ಓಡಿತು. "ಇದು ಚಮಚದಲ್ಲಿ ನಿಲ್ಲಬೇಕಮ್ಮ, ಓರೆ ಮಾಡಿದರೆ ಮೆಲ್ಲ ಜಾರಬೇಕು" ಎಂದರು.

ಮನೆಗೆ ಬಂದು ಲೆಕ್ಕ ಹಾಕಿದೆ. ಒಂದು ದೊಡ್ಡ ಚಮಚ ರಾಗಿ ಹುಡಿ ಅಂದರೆ ಸುಮಾರು 10 ಗ್ರಾಂ, ಅದರಲ್ಲಿ 32 ಕ್ಯಾಲೊರಿ ಹತ್ತಿರ. ಅದನ್ನು 200 ಮಿಲಿ ನೀರಿನಲ್ಲಿ ಕಾಯಿಸಿದರೆ 100 ಮಿಲಿಗೆ ಬರುವುದು 16 ಕ್ಯಾಲೊರಿ. ತಾಯಿಯ ಹಾಲಿನಲ್ಲಿ 100 ಮಿಲಿಗೆ 65ರಿಂದ 70 ಉಂಟು. ಅಂದರೆ ಹಾಲು ಕುಡಿಯುವ ಜಾಗದಲ್ಲಿ ನಾವು ನೀರು ತುಂಬಿಸುತ್ತಿದ್ದೆವು. 8 ಕಿಲೋ ಮಗುವಿನ ಹೊಟ್ಟೆಗೆ ಹಿಡಿಸುವುದು ಒಂದು ಲೋಟ, 240 ಮಿಲಿ ಅಷ್ಟೇ. ಅದೇ 200 ಮಿಲಿ ನೀರಿಗೆ ಮೂರು ದೊಡ್ಡ ಚಮಚ ಹುಡಿ ಹಾಕಿ, ಕೊನೆಗೆ ಒಂದು ಸಣ್ಣ ಚಮಚ ತುಪ್ಪವನ್ನೋ ತೆಂಗಿನೆಣ್ಣೆಯನ್ನೋ ಬೆರೆಸಿದರೆ ತಾಯಿಯ ಹಾಲಿನ ಮಟ್ಟಕ್ಕೆ ಬರುತ್ತದೆ. ಎದೆಹಾಲು ಕುಡಿಯುವ ಮಗುವಿಗೆ ಹಾಲಿನ ಹೊರತು 6ರಿಂದ 8 ತಿಂಗಳಲ್ಲಿ ದಿನಕ್ಕೆ 200 ಕ್ಯಾಲೊರಿ, 9ರಿಂದ 11ರಲ್ಲಿ 300, ವರ್ಷ ದಾಟಿದ ಮೇಲೆ 550ರಷ್ಟು ಊಟದಿಂದ ಬೇಕು. ತಿಳಿ ಕುಡಿಸಿ ಅಲ್ಲಿಗೆ ಮುಟ್ಟಲು ಆಗುವುದಿಲ್ಲ.

ಇನ್ನು ಒಂದೊಂದಾಗಿ ನೋಡುವ.

ಕುಚ್ಚಲಕ್ಕಿ ಮತ್ತು ಹೆಸರುಬೇಳೆ

ಒಂದನ್ನೇ ಆರಿಸಿ ಎಂದರೆ ನಾನು ಇದನ್ನೇ ಹೇಳುವುದು. ಹೇಗಿದ್ದರೂ ಮನೆಯಲ್ಲಿ ದಿನಾ ಬೇಯುತ್ತದೆ, ಬೇರೆ ಸಾಮಾನು ಬೇಡ. ಭತ್ತವನ್ನು ಬೇಯಿಸಿ ಒಣಗಿಸಿ ಅಕ್ಕಿ ಮಾಡುವಾಗ ಹೊರ ಪದರದ ಬಿ ವಿಟಮಿನ್ ಸ್ವಲ್ಪ ಒಳಗೆ ಇಳಿದು ಉಳಿಯುತ್ತದೆ. ಹಾಗಾಗಿ ಬೆಳ್ತಿಗೆಗಿಂತ, ಅಂದರೆ ಭತ್ತ ಬೇಯಿಸದೆ ಮಾಡಿದ ಬಿಳಿ ಅಕ್ಕಿಗಿಂತ, ಕುಚ್ಚಲಕ್ಕಿ ಒಂದು ಕೈ ಮೇಲು. ಆದರೆ ಅಕ್ಕಿಯಲ್ಲಿ ಕಬ್ಬಿಣಾಂಶ ತೀರಾ ಕಮ್ಮಿ, ಕೆಂಪಕ್ಕಿ ಎಂದರೂ ಅಷ್ಟೇ, ಬಣ್ಣ ನೋಡಿ ಮರುಳಾಗಬೇಡಿ. ಅದಕ್ಕೇ ಬೇಳೆ ಬೇಕು. ಅಕ್ಕಿಯ ಪ್ರೋಟೀನಿನಲ್ಲಿ ಕೊರತೆ ಇರುವುದು ಬೇಳೆಯಲ್ಲಿ ಉಂಟು, ಬೇಳೆಯಲ್ಲಿ ಇಲ್ಲದ್ದು ಅಕ್ಕಿಯಲ್ಲಿ ಉಂಟು.

ನಾನು ಎರಡು ಹಿಡಿ ಅಕ್ಕಿಗೆ ಒಂದು ಹಿಡಿ ಹೆಸರುಬೇಳೆ ಹಾಕುತ್ತೇನೆ. ಅಕ್ಕಿ ರಾತ್ರಿಯೇ ನೆನೆಹಾಕಿರುತ್ತದೆ. ಕುಕ್ಕರಿನಲ್ಲಿ 7-8 ವಿಸಿಲ್, ಕುಚ್ಚಲಕ್ಕಿ ಅಷ್ಟು ಬೇಯಲೇಬೇಕು. ಜೊತೆಗೆ ಒಂದು ತುಂಡು ಸಿಹಿಗುಂಬಳ ಅಥವಾ ಒಂದು ಮುಷ್ಟಿ ಹರಿವೆ ಸೊಪ್ಪು. ತಿಳಿ ಬಸಿಯಬೇಡಿ, ಅದು ಅನ್ನದಲ್ಲೇ ಇಂಗಲಿ. ಆಮೇಲೆ ಸೌಟಿನ ಹಿಂಬದಿಯಿಂದ ಹಿಸುಕಿ, ತುಪ್ಪ ಹಾಕಿ, ಕೊಡುವ ಮುಂಚೆ ನಾಲ್ಕು ಹನಿ ಲಿಂಬೆರಸ. ಲಿಂಬೆ ರುಚಿಗಲ್ಲ. ಸೊಪ್ಪು ಬೇಳೆಯ ಕಬ್ಬಿಣ ಮೈಗೆ ಹಿಡಿಯಬೇಕಾದರೆ ವಿಟಮಿನ್ ಸಿ ಜೊತೆಗೆ ಇರಬೇಕು.

ಮಿಕ್ಸಿಗೆ ಹಾಕುವುದು ಮೊದಲ ಕೆಲವು ವಾರ ಮಾತ್ರ. 8 ತಿಂಗಳಾಗುವಾಗ ಸಣ್ಣ ಸಣ್ಣ ಗಂಟು ಇರಲಿ, ವರ್ಷ ತುಂಬುವಾಗ ಮನೆಯವರ ಊಟವೇ ಮೆತ್ತಗೆ ಮಾಡಿ ಕೊಡಿ. ಎಷ್ಟೋ ಮನೆಗಳಲ್ಲಿ ಎರಡು ವರ್ಷದವರೆಗೂ ಮಿಕ್ಸಿಯಲ್ಲಿ ನುಣ್ಣಗೆ ಮಾಡಿ ಕೊಡುತ್ತಾರೆ, ಆಮೇಲೆ ಮಗು ಅಗಿಯುವುದಿಲ್ಲ ಎಂದು ಬೇಸರ ಮಾಡಿಕೊಳ್ಳುತ್ತಾರೆ. ಅಗಿಯಲು ಕಲಿಯುವ ಪ್ರಾಯವೇ ಅದು ಅಲ್ವಾ?

ರಾಗಿ ಮಣ್ಣಿ

ಅತ್ತೆ ಮಣ್ಣಿ ಮಾಡುವುದನ್ನು ನೋಡುವುದೇ ಚಂದ. ರಾಗಿ ರಾತ್ರಿ ನೆನೆಹಾಕಿ ಬೆಳಿಗ್ಗೆ ನುಣ್ಣಗೆ ಕಡೆಯುತ್ತಾರೆ. ಹಳೆ ಬಿಳಿ ಪಂಚೆಯ ತುಂಡಿನಲ್ಲಿ ಹಾಕಿ ಹಿಂಡುತ್ತಾರೆ, ಮತ್ತೆ ನೀರು ಹಾಕಿ ಕಡೆದು ಮತ್ತೆ ಹಿಂಡುತ್ತಾರೆ. ಆ ಹಾಲನ್ನು ಒಂದು ಗಂಟೆ ಅಲುಗಾಡಿಸದೆ ಇಟ್ಟರೆ ಅಡಿಯಲ್ಲಿ ನಸುಗೆಂಪು ಹಿಟ್ಟು ಕೂರುತ್ತದೆ. ಮೇಲಿನ ನೀರು ಚೆಲ್ಲಿ, ತೆಳು ತೆಂಗಿನ ಹಾಲು ಸೇರಿಸಿ ಸಣ್ಣ ಉರಿಯಲ್ಲಿ ಮಗುಚುತ್ತಾ ಕೂತರೆ, ಒಂದು ಹಂತದಲ್ಲಿ ಇಡೀ ಪಾತ್ರೆಗೆ ಹೊಳಪು ಬರುತ್ತದೆ. ಆಗ ಇಳಿಸಬೇಕು.

ರಾಗಿಯ ದೊಡ್ಡ ಗುಣ ಸುಣ್ಣದಂಶ, ಅಂದರೆ ಕ್ಯಾಲ್ಶಿಯಂ. 100 ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂ ಹತ್ತಿರ ಉಂಟು, ಬೇರೆ ಯಾವ ಧಾನ್ಯವೂ ಹತ್ತಿರ ಬರುವುದಿಲ್ಲ. ಆದರೆ ಅದರ ಬಹುಪಾಲು ಇರುವುದು ಹೊರಗಿನ ಸಿಪ್ಪೆಯಲ್ಲಿ. ಪಂಚೆಯಲ್ಲಿ ಉಳಿದು ತೆಂಗಿನ ಬುಡಕ್ಕೆ ಹೋಗುವ ಆ ಚರಟದಲ್ಲಿ ನಾವು ಯಾವುದಕ್ಕಾಗಿ ರಾಗಿ ತಂದೆವೋ ಅದೇ ಹೋಗುತ್ತದೆ. ಹಾಗಂತ ಸೋಸುವುದು ತಪ್ಪು ಎಂದಲ್ಲ. ಮೊದಲ ಒಂದು ತಿಂಗಳು ಸೋಸಿದ ಮಣ್ಣಿ ಮಗುವಿಗೆ ನುಂಗಲು ಸುಲಭ. ಆಮೇಲೆ ಇಡೀ ರಾಗಿಯ ಹುಡಿಗೆ ಬದಲಾಗಿ.

ರಾಗಿಯಲ್ಲಿ ಕಬ್ಬಿಣವೂ ಉಂಟು, 100 ಗ್ರಾಂಗೆ 4 ಮಿಲಿಗ್ರಾಂ ಮೇಲೆ. ಆದರೆ ಫೈಟೇಟ್, ಟ್ಯಾನಿನ್ ಎಂಬ ಅಂಶಗಳು ಅದನ್ನು ಹಿಡಿದಿಟ್ಟುಕೊಳ್ಳುತ್ತವೆ, ಮಗುವಿನ ಮೈಗೆ ಸೇರುವುದು ಸ್ವಲ್ಪವೇ. ಮೊಳಕೆ ಬರಿಸಿದರೆ ಆ ಹಿಡಿತ ಸಡಿಲವಾಗುತ್ತದೆ. ಮೊಳಕೆ ರಾಗಿಯಲ್ಲಿ ಇನ್ನೊಂದು ಲಾಭ ಉಂಟು, ಇದನ್ನು ನೀವೇ ಮಾಡಿ ನೋಡಬೇಕು. ಮೂರು ಚಮಚ ಮಾಮೂಲಿ ರಾಗಿ ಹುಡಿಯನ್ನು ಗಟ್ಟಿಯಾಗಿ ಬೇಯಿಸಿ ಇಳಿಸಿ. ಸ್ವಲ್ಪ ಆರಲಿ, ಆದರೆ ಬೆರಳು ಇಡಲು ಆಗದಷ್ಟು ಬಿಸಿ ಇರಲಿ. ಆಗ ಒಂದು ಸಣ್ಣ ಚಮಚ ಮೊಳಕೆ ರಾಗಿ ಹುಡಿ ಬೆರೆಸಿ. ಕೆಲವೇ ನಿಮಿಷದಲ್ಲಿ ಮುದ್ದೆಯ ಹಾಗಿದ್ದದ್ದು ಸಡಿಲಾಗಿ ಜಾರುವಂತಾಗುತ್ತದೆ. ಮೊಳಕೆಯಲ್ಲಿರುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ತುಂಡರಿಸುವುದರಿಂದ ಹೀಗಾಗುತ್ತದೆ. ಮತ್ತೆ ಒಲೆಗಿಟ್ಟು ಒಂದು ಕುದಿ ಬರಿಸಿ ಕೊಡಿ. ನೀರು ಸೇರಿಸದೆ ತೆಳುವಾಯಿತು, ಹಿಟ್ಟು ಪೂರ್ತಿ ಒಳಗೇ ಉಂಟು. ಗಟ್ಟಿ ಉಗುಳುವ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ. ನೆನಪಿಡಿ, ಮೊಳಕೆ ರಾಗಿಯನ್ನು ಕಪ್ಪಗೆ ಹುರಿದರೆ ಈ ಗುಣ ಹೋಗುತ್ತದೆ.

ನಮ್ಮೂರಿನ ಕಷ್ಟ ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೊಳಕೆ ಬರಿಸುವುದು ಸುಲಭ, ಒಣಗಿಸುವುದು ಕಷ್ಟ. ಸರಿಯಾಗಿ ಒಣಗದ ರಾಗಿಗೆ ಬೂಸ್ಟು ಹಿಡಿಯುತ್ತದೆ, ವಾಸನೆ ಬಂದರೆ ಹುರಿದು ಸರಿ ಮಾಡಲು ಹೋಗಬೇಡಿ, ಬಿಸಾಡಿ. ನಾನು ಏಪ್ರಿಲ್, ಮೇ ಬಿಸಿಲಿನಲ್ಲೇ ಮಾಡಿ, ಸಣ್ಣ ಸಣ್ಣ ಡಬ್ಬಿಯಲ್ಲಿ ತುಂಬಿ ಫ್ರಿಜ್‌ನಲ್ಲಿ ಇಡುತ್ತೇನೆ.

ಬಾಳೆಕಾಯಿ ಹುಡಿ

ಬಲಿತ ನೇಂದ್ರಕಾಯಿಯ ಸಿಪ್ಪೆ ತೆಗೆದು, ತೆಳ್ಳಗೆ ಹೆಚ್ಚಿ ಒಣಗಿಸಿ ಹುಡಿ ಮಾಡುವುದು. ಕಾಸರಗೋಡು ಕಡೆಯಿಂದ ಪುತ್ತೂರು, ವಿಟ್ಲದವರೆಗೆ ಮಕ್ಕಳಿಗೆ ಇದನ್ನೇ ಕೊಟ್ಟು ಬೆಳೆಸಿದ ಮನೆಗಳು ತುಂಬ. 2021ರಲ್ಲಿ ಅಡಿಕೆ ಪತ್ರಿಕೆ ಎಂಬ ಕೃಷಿ ಪತ್ರಿಕೆಯವರು ಇದಕ್ಕೆ ಬಾಕಾಹು ಎಂದು ಹೆಸರಿಟ್ಟು ಓಡಾಡಿದ ಮೇಲೆ ಘಟ್ಟದ ಮೇಲಿನವರಿಗೂ ಗೊತ್ತಾಯಿತು. ಬೇಗ ಬೇಯುತ್ತದೆ, ತನ್ನದೇ ಸ್ವಲ್ಪ ಸಿಹಿ ಉಂಟು, ಪ್ರಯಾಣಕ್ಕೆ ಒಳ್ಳೆಯದು, ಪೊಟಾಶಿಯಂ ಚೆನ್ನಾಗಿ ಉಂಟು. ಆದರೆ ಪ್ರೋಟೀನ್ ಕಮ್ಮಿ. ಇದನ್ನೇ ಮೂರು ಹೊತ್ತು ಕೊಟ್ಟರೆ ಮಗು ಗುಂಡಗೆ ಕಾಣಬಹುದು, ಸ್ನಾಯು, ರಕ್ತ ಆಗಲು ಬೇಕಾದದ್ದು ಸಿಗುವುದಿಲ್ಲ. ನಾನು ವಾರಕ್ಕೆ ಎರಡು ಮೂರು ಸಲ ಕೊಡುತ್ತೇನೆ, ಅದರಲ್ಲೂ ಹುರಿದ ಹೆಸರುಬೇಳೆ ಹುಡಿ ಒಂದು ಚಮಚ ಸೇರಿಸಿ.

ಕೆಲವು ಮಕ್ಕಳಿಗೆ ಇದರಿಂದ ಮಲ ಗಟ್ಟಿಯಾಗುತ್ತದೆ. ನನ್ನ ಸಣ್ಣವಳಿಗೂ ಆಯಿತು. ಆಗ ಹುಡಿ ನಿಲ್ಲಿಸಿ ಪಪ್ಪಾಯಿ ಹಣ್ಣು ಹಿಸುಕಿ ಕೊಟ್ಟೆ.

ಕೂವೆ

ಕೂವೆ ಹುಡಿಯ ಬಗ್ಗೆ ನಮ್ಮ ಕಡೆ ತುಂಬ ನಂಬಿಕೆ. ತಂಪು, ಹೊಟ್ಟೆಗೆ ಹಿತ, ಸುಲಭವಾಗಿ ಕರಗುತ್ತದೆ, ಇದೆಲ್ಲ ಸರಿ. ಆದರೆ ಗೆಡ್ಡೆ ಅರೆದು ಏಳೆಂಟು ಸಲ ನೀರು ಬದಲಿಸಿ ತೆಳಿಯಿಸಿದ ಮೇಲೆ ಉಳಿಯುವುದು ಬರೀ ಪಿಷ್ಟ. ಪ್ರೋಟೀನ್ ಇಲ್ಲವೆಂದೇ ಹೇಳಬಹುದು. ಮನೆಯಲ್ಲಿ ಮಾಡುವ ಈ ನಾಲ್ಕರಲ್ಲಿ ಕೊನೆಯ ಜಾಗ ಇದಕ್ಕೆ. ಎಂದಾದರೊಮ್ಮೆ ಹಾಲೂಡುವ ತಾಯಿಯೂ ಮಗುವೂ ಕೂತು ತಿನ್ನಲಿ, ದಿನದ ಊಟದ ಜಾಗದಲ್ಲಿ ಬೇಡ.

ಭೇದಿ ಆದಾಗ ಕೂವೆ ಮಾತ್ರ ಕೊಟ್ಟು ಕೂರುವ ಅಭ್ಯಾಸ ಉಂಟು. ಅದು ಸಾಲದು. ಓಆರ್‌ಎಸ್ ಬೇಕು, 6 ತಿಂಗಳು ದಾಟಿದ ಮಕ್ಕಳಿಗೆ ದಿನಕ್ಕೆ 20 ಮಿಲಿಗ್ರಾಂ ಜಿಂಕ್ 14 ದಿನ ಬೇಕು. ಎದೆಹಾಲೂ ಊಟವೂ ನಿಲ್ಲಬಾರದು. ಕಣ್ಣು ಗುಳಿ ಬಿದ್ದರೆ, ಮಗು ಸೋತು ಮಲಗಿದರೆ, ಮೂತ್ರ ಕಮ್ಮಿಯಾದರೆ ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ.

ಡಬ್ಬಿ, ಪ್ಯಾಕೆಟ್

ಡಬ್ಬಿ ವಿಷ ಎಂದು ಹೇಳುವವಳಲ್ಲ ನಾನು. ಅದರಲ್ಲಿ ಕಬ್ಬಿಣ ಸೇರಿಸಿರುತ್ತಾರೆ, ಅದು ನಿಜವಾದ ಲಾಭ. ಮಗು ಹುಟ್ಟುವಾಗ ಮೈಯಲ್ಲಿ ತುಂಬಿಕೊಂಡು ಬಂದ ಕಬ್ಬಿಣ 6 ತಿಂಗಳ ಹೊತ್ತಿಗೆ ಖಾಲಿಯಾಗುತ್ತಾ ಬರುತ್ತದೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 6 ತಿಂಗಳಿಂದ 5 ವರ್ಷದೊಳಗಿನ ಮಕ್ಕಳಲ್ಲಿ 65.5 ಶೇಕಡಾ ಮಕ್ಕಳಿಗೆ ರಕ್ತಹೀನತೆ. ಮೂವರಲ್ಲಿ ಇಬ್ಬರು. ಇದು ಸಣ್ಣ ವಿಷಯ ಅಲ್ಲ.

ನೋಡಬೇಕಾದದ್ದು ಸಕ್ಕರೆ. 2024ರಲ್ಲಿ ಸ್ವಿಟ್ಜರ್‌ಲ್ಯಾಂಡಿನ ಪಬ್ಲಿಕ್ ಐ ಎಂಬ ಸಂಸ್ಥೆ, ಇಲ್ಲಿ ಮಾರುವ ಹೆಸರಾಂತ ಶಿಶು ಆಹಾರದಲ್ಲಿ ಸೇರಿಸಿದ ಸಕ್ಕರೆ ಉಂಟು, ಯುರೋಪಿನಲ್ಲಿ ಅದೇ ಕಂಪನಿ ಮಾರುವುದರಲ್ಲಿ ಇಲ್ಲ ಎಂದು ತೋರಿಸಿತು. ಆಮೇಲೆ ಸಕ್ಕರೆ ಹಾಕದ ಬಗೆಗಳು ಬಂದಿವೆ. ಹಾಗಾಗಿ ಡಬ್ಬಿಯ ಮುಂದಿನ ಚಿತ್ರ ಬಿಡಿ, ಹಿಂದೆ ತಿರುಗಿಸಿ ಓದಿ. ಸೇರಿಸಿದ ಸಕ್ಕರೆ ಎಂಬ ಸಾಲಿನಲ್ಲಿ ಸೊನ್ನೆ ಇದ್ದರೆ ತೆಗೆದುಕೊಳ್ಳಿ. ಎರಡು ವರ್ಷದೊಳಗಿನ ಮಕ್ಕಳ ಆಹಾರಕ್ಕೆ ನಮ್ಮ ದೇಶದಲ್ಲಿ ಜಾಹೀರಾತೇ ಮಾಡುವಂತಿಲ್ಲ, 1992ರ ಕಾನೂನು ಉಂಟು, 2003ರಲ್ಲಿ ಅದನ್ನು ಇನ್ನೂ ಬಿಗಿ ಮಾಡಿದ್ದಾರೆ. ಅಂಗಡಿಯಲ್ಲಿ ಯಾರಾದರೂ ಒತ್ತಾಯ ಮಾಡಿ ಡಬ್ಬಿ ಕೊಡಲು ಬಂದರೆ ಇದು ನೆನಪಿರಲಿ. ಖರ್ಚೂ ಜಾಸ್ತಿ, ಒಂದು ಡಬ್ಬಿಯ ದುಡ್ಡಿಗೆ ಎರಡು ಕಿಲೋ ರಾಗಿ ಬರುತ್ತದೆ.

ಮನೆಯಲ್ಲಿ ಮಾಡಿ ಮಾರುವ, ಇಪ್ಪತ್ತು ಬಗೆಯ ಧಾನ್ಯ ಬೀಜ ಸೇರಿಸಿದ ಮಿಕ್ಸ್‌ಗಳ ಬಗ್ಗೆ ನನಗೆ ಹೆದರಿಕೆ ಜಾಸ್ತಿ. ಮಗುವಿಗೆ ಮೈಯಲ್ಲಿ ದಡಿಕೆ ಎದ್ದರೆ ಇಪ್ಪತ್ತರಲ್ಲಿ ಯಾವುದರಿಂದ ಎಂದು ಹೇಗೆ ಹುಡುಕುವುದು? ಹಾಗೆಯೇ ನೆಲಗಡಲೆ ಸೇರಿದ ಹುಡಿ ನಮ್ಮ ಸೆಕೆ ತೇವಕ್ಕೆ ಬೇಗ ಬೂಸ್ಟು ಹಿಡಿಯುತ್ತದೆ. ಅಂಗನವಾಡಿಯಲ್ಲಿ 6 ತಿಂಗಳಿಂದ 3 ವರ್ಷದ ಮಕ್ಕಳಿಗೆ ಮನೆಗೆ ಕೊಡುವ ಆಹಾರ ಉಂಟಲ್ಲ, ಅದನ್ನು ತರಲು ನಾಚಿಕೆ ಬೇಡ. ದಿನಕ್ಕೆ ಇಷ್ಟು ಕ್ಯಾಲೊರಿ, ಇಷ್ಟು ಪ್ರೋಟೀನ್ ಸಿಗುವ ಹಾಗೆ ಕೊಡಬೇಕೆಂದು ಕಾನೂನಿನಲ್ಲೇ ಬರೆದಿದೆ. ನಿಮ್ಮ ಮಗುವಿನ ಹಕ್ಕು ಅದು.

ಮೊಟ್ಟೆ, ಮೀನು

ಮೀನು ತಿನ್ನುವ ಮನೆಯಲ್ಲೂ ಮಗುವಿಗೆ ವರ್ಷ ಆಗಲಿ ಎಂದು ಕಾಯುತ್ತಾರೆ. ಕಾಯಬೇಕಾಗಿಲ್ಲ. 6 ತಿಂಗಳು ಮುಗಿದ ಮೇಲೆ ಮೊಟ್ಟೆ, ಮೀನು ಎರಡೂ ಶುರು ಮಾಡಬಹುದು, ಪೂರ್ತಿ ಬೆಂದಿರಬೇಕು. ಇವುಗಳಲ್ಲಿ ಒಳ್ಳೆಯ ಪ್ರೋಟೀನ್ ಉಂಟು, ಮೀನಿನ ಕಬ್ಬಿಣ ಸೊಪ್ಪಿನದಕ್ಕಿಂತ ಬೇಗ ಮೈಗೆ ಹಿಡಿಯುತ್ತದೆ.

ಶುರುವಿಗೆ ಕಾಣೆ ಒಳ್ಳೆಯದು. ಮಾಂಸ ಬಿಳಿ, ಮೆತ್ತಗೆ, ನಡುಮುಳ್ಳು ಒಟ್ಟಿಗೇ ಬರುತ್ತದೆ. ಒಂದು ಚಿಟಿಕೆ ಅರಸಿನ ಸವರಿ ಇಡ್ಲಿ ಪಾತ್ರೆಯ ಹಬೆಯಲ್ಲಿ ಬೇಯಿಸಿ. ತಣಿದ ಮೇಲೆ ಒಂದೊಂದು ಎಸಳು ಬಿಡಿಸಿ ಹೆಬ್ಬೆರಳು ತೋರುಬೆರಳಿನ ನಡುವೆ ಒತ್ತಿ ಉಜ್ಜಿ ನೋಡಿ. ಒಮ್ಮೆ ನೋಡಿ, ಬೇರೆ ತಟ್ಟೆಗೆ ಹಾಕಿ, ಇನ್ನೊಮ್ಮೆ ನೋಡಿ. ಕಣ್ಣಿಗೆ ಕಾಣದ ಮುಳ್ಳು ಬೆರಳಿಗೆ ಸಿಗುತ್ತದೆ. ಬೂತಾಯಿಯಲ್ಲಿ ಒಳ್ಳೆಯ ಕೊಬ್ಬು ಉಂಟು, ಆದರೆ ಕೂದಲಿನಂಥ ಮುಳ್ಳುಗಳು, ಮಗು ಸ್ವಲ್ಪ ದೊಡ್ಡದಾಗಲಿ. ಅಂಜಲ್‌ನಲ್ಲಿ ಮುಳ್ಳು ಕಮ್ಮಿ ಎಂದು ಎಲ್ಲರಿಗೂ ಇಷ್ಟ, ಆದರೆ ಸಣ್ಣ ಮೀನು ತಿಂದು ಬೆಳೆಯುವ ದೊಡ್ಡ ಮೀನುಗಳ ಮೈಯಲ್ಲಿ ಪಾದರಸ ಜಾಸ್ತಿ ಸೇರಿಕೊಳ್ಳುತ್ತದೆ. ಮಕ್ಕಳಿಗೆ ಅದು ದಿನಾ ಬೇಡ. ಜೂನ್, ಜುಲೈನಲ್ಲಿ 61 ದಿನ ಟ್ರಾಲ್ ಬೋಟು ಕಡಲಿಗೆ ಇಳಿಯುವುದಿಲ್ಲ, ಮೀನಿಗೆ ರೇಟು ಹೆಚ್ಚು, ಆಗ ನಮ್ಮಲ್ಲಿ ಮೊಟ್ಟೆಯೇ. ಒಣಮೀನು ಬೇಡ, ಉಪ್ಪು ವಿಪರೀತ.

ಸಸ್ಯಾಹಾರಿ ಮನೆಯವರು ಬೇಳೆ ಕಾಳುಗಳನ್ನು ದಿನಾ, ಎರಡು ಹೊತ್ತು ಕೊಡಬೇಕು, ಲಿಂಬೆ, ಪೇರಳೆ, ಪಪ್ಪಾಯಿ ಜೊತೆಗಿರಲಿ. ಯಾವ ಮನೆಯವರಾದರೂ ಆಶಾ ಕಾರ್ಯಕರ್ತೆ ಕೊಡುವ ಕಬ್ಬಿಣದ ಸಿರಪ್ ಬಿಡಬೇಡಿ, ವಾರಕ್ಕೆ ಎರಡು ಸಲ 1 ಮಿಲಿ. ಮಲ ಕಪ್ಪಾಗುತ್ತದೆ, ಹೆದರುವುದು ಬೇಡ.

ಬೇಡದ ಕೆಲವು

ವರ್ಷ ತುಂಬುವವರೆಗೆ ಜೇನು ನೆಕ್ಕಿಸಲೇಬೇಡಿ. ಶುದ್ಧ ಕಾಡು ಜೇನೇ ಆಗಲಿ, ಅದರಲ್ಲಿ ಇರಬಹುದಾದ ಒಂದು ಬ್ಯಾಕ್ಟೀರಿಯಾದಿಂದ ಬೊಟುಲಿಸಂ ಎಂಬ ಜೀವಕ್ಕೇ ಅಪಾಯದ ಕಾಯಿಲೆ ಬರಬಹುದು. ಸಕ್ಕರೆ ಬೇಡ ಎಂದರೆ ಓಲೆಬೆಲ್ಲ, ಕಲ್ಲುಸಕ್ಕರೆ ಹಾಕುತ್ತೇವೆ ಎನ್ನುತ್ತಾರೆ, ಅವೂ ಸಕ್ಕರೆಯೇ. ಉಪ್ಪೂ ಬೇಡ. ಮಗುವಿಗೆ ಸಪ್ಪೆ ಎನಿಸುವುದಿಲ್ಲ, ಸಪ್ಪೆ ಎನಿಸುವುದು ನಮ್ಮ ನಾಲಗೆಗೆ. ದನದ ಹಾಲನ್ನು ವರ್ಷದೊಳಗೆ ಎದೆಹಾಲಿನ ಬದಲಿಗೆ ಕುಡಿಸಬೇಡಿ, ಅದರಲ್ಲಿ ಕಬ್ಬಿಣ ಇಲ್ಲವೆಂಬಷ್ಟು ಕಮ್ಮಿ. ಮಣ್ಣಿಗೆ ಸ್ವಲ್ಪ ಸೇರಿಸಿದರೆ ಪರವಾಗಿಲ್ಲ. ಇಡೀ ನೆಲಗಡಲೆ, ಇಡೀ ದ್ರಾಕ್ಷಿ ಉಸಿರುಗಟ್ಟಿಸುತ್ತವೆ. ಬಾಟಲಿಯಲ್ಲಿ ಗಂಜಿ, ಮಣ್ಣಿ ತುಂಬಿ ಕೊಡುವುದು ಬೇಡ, ಬಟ್ಟಲು ಚಮಚ ಸಾಕು.

ನಮ್ಮ ಮನೆಯಲ್ಲಿ ನಡೆದದ್ದು ಹೀಗೆ

ಸಣ್ಣವಳಿಗೆ 9 ತಿಂಗಳು ಇರುವಾಗ ನಾನು ಮತ್ತೆ ಕೆಲಸಕ್ಕೆ ಸೇರಿದೆ. ಬೆಳಿಗ್ಗೆ 8ರ ಬಸ್ಸು. ಎದ್ದ ಕೂಡಲೇ ಹಾಲೂಡಿ, 7 ಗಂಟೆಗೆ ರಾಗಿ ಮಣ್ಣಿಯನ್ನು ನಾನೇ ತಿನ್ನಿಸುತ್ತಿದ್ದೆ. ಹತ್ತೂವರೆಗೆ ಅತ್ತೆ ಕದಳಿ ಹಣ್ಣನ್ನೋ ಬೇಯಿಸಿದ ನೇಂದ್ರವನ್ನೋ ಕೈಗೇ ಕೊಡುತ್ತಿದ್ದರು. ಮಧ್ಯಾಹ್ನ ಅನ್ನ, ಬೇಳೆ, ಸೊಪ್ಪು ಹಿಸುಕಿದ್ದು, ಮೀನೋ ಮೊಟ್ಟೆಯೋ ಇದ್ದದ್ದು, ಕಾಲು ಲೀಟರಿನ ಬಟ್ಟಲಲ್ಲಿ ಅರ್ಧ. ಹಿಂಡಿಟ್ಟ ಎದೆಹಾಲು ನಡುವೆ ಒಂದು ಸಲ. ಸಂಜೆ ನಾನು ಬಂದು ಚಪ್ಪಲಿ ಬಿಡುವ ಮೊದಲೇ ಹಾಲಿಗೆ ಕೈ ಚಾಚುತ್ತಿದ್ದಳು. ರಾತ್ರಿ ಮತ್ತೆ ಗಟ್ಟಿ ಗಂಜಿ.

ಹರಿವೆ ಸೊಪ್ಪನ್ನು ಅವಳು ಮೊದಲ ಸಲ ಉಗುಳಿದಳು, ಎರಡನೇ ಸಲವೂ ಉಗುಳಿದಳು. ಹೊಸ ರುಚಿಯನ್ನು ಎಂಟು ಹತ್ತು ಸಲ ತೋರಿಸಿದ ಮೇಲೆಯೇ ಎಷ್ಟೋ ಮಕ್ಕಳು ಒಪ್ಪುವುದು, ಹಾಗಾಗಿ ನಾವು ಒತ್ತಾಯ ಮಾಡಲಿಲ್ಲ, ಒಂದೆರಡು ದಿನ ಬಿಟ್ಟು ಮತ್ತೆ ಒಂದು ಚಮಚ ಇಡುತ್ತಿದ್ದೆವು. ಈಗ ಅತ್ತೆ ಹರಿವೆ ಸೋಸುವಾಗ ಪಕ್ಕದಲ್ಲಿ ಕೂತು ಕೆಂಪು ದಂಟನ್ನು ಬಾಯಿಗೆ ಹಾಕಲು ನೋಡುತ್ತಾಳೆ, ಅದನ್ನು ಕೈಯಿಂದ ಬಿಡಿಸಿಕೊಳ್ಳುವುದೇ ಕೆಲಸ.